ಅಕ್ಕನ ಗುಂಡಿ

ಒಬ್ಬರಿಗೆಂದು ಬರೆದುಕೊಟ್ಟ ಮಾತ್ರೆ ಇನ್ನೊಬ್ಬರನ್ನು ಕೊಲ್ಲಬಹುದು. ಇದು ಹೊಸ ಸಂಶೋಧನೆಯೇನಲ್ಲ. ಮಾತ್ರೆಯ ಶೀಟಿನ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ವೈದ್ಯರ ಚೀಟಿಯಿಲ್ಲದೆ ತಗೋಬೇಡಿ ಎಂದು ಅಚ್ಚು ಹಾಕಿರುತ್ತಾರೆ. ಓದಲು ಕನ್ನಡಕ ಬೇಕು, ಕನ್ನಡಕಕ್ಕಿಂತ ಮೊದಲು ಮನಸ್ಸು ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ಗಾದೆ ಹೇಳಿ ನಗುತ್ತೇವೆ. ನಕ್ಕ ಬಾಯಿಗೇ ಪಕ್ಕದ ಮನೆಯವರು ತಿಂದು ಉಳಿಸಿದ ಮಾತ್ರೆ ಹಾಕಿಕೊಂಡು ನೀರು ಕುಡಿಯುತ್ತೇವೆ.

ಗುಂಡಿಯಕ್ಕ ಕೆಟ್ಟವಳಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಕೆಟ್ಟವರ ಕೈಯಿಂದ ಯಾರೂ ಮಾತ್ರೆ ಇಸಿದುಕೊಳ್ಳುವುದಿಲ್ಲ.

ಅವಳು ದರ್ಜಿ. ಒಂದು ಮಹಡಿ ಮೆಟ್ಟಿಲಿನ ಕೆಳಗೆ, ಬೆಳಕು ಬಿಟ್ಟರೆ ಬೇರೇನೂ ಧಾರಾಳವಾಗಿ ಬರದ ಒಂದು ಕೋಣೆ. ಬಾಗಿಲಿಗೆ ಮುಖ ಮಾಡಿದ ಹೊಲಿಗೆ ಯಂತ್ರ. ಬೆನ್ನ ಹಿಂದೆ ಸಣ್ಣ ಸಣ್ಣ ಡ್ರಾಯರುಗಳ ಮರದ ಬೀರು. ಪ್ರತಿ ಡ್ರಾಯರಿನ ಮುಂದೆ, ಒಳಗೇನಿದೆ ಎಂದು ತಿಳಿಯಲಿ ಅಂತ, ಒಂದೊಂದು ಗುಂಡಿ ಅಂಟಿಸಿದ್ದಳು: ಅಂಗಿಯ ಬಿಳಿ, ಕೋಟಿನ ಕಂದು, ಶಾಲೆಯ ಸಮವಸ್ತ್ರದ ನೀಲಿ, ಮಗುವಿನ ಉಡುಪಿನ ಬಾತುಕೋಳಿ ಆಕಾರದ್ದು. ಯಾರದೋ ಅಂಗಿಯಿಂದ ಬಿದ್ದ ಒಂಟಿ ಗುಂಡಿಯನ್ನೂ ಎಸೆಯುವ ಕೈ ಅವಳದಲ್ಲ. ಇವತ್ತು ಇವರಿಗೆ ಬೇಡವಾದದ್ದು ನಾಳೆ ಇನ್ಯಾರಿಗೋ ಒದಗುತ್ತದೆ ಎನ್ನುವುದು ಅವಳ ಬದುಕಿನ ವೇದ. ಹಾಗಾಗಿಯೇ ಗುಂಡಿಯಕ್ಕ ಎಂಬ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಬೀದಿ ಮರೆತು ಎಷ್ಟೋ ಕಾಲವಾಗಿತ್ತು.

ಬೀರುವಿನ ಕೆಳಗಿನ ಸಾಲಿನಲ್ಲಿ ಗುಂಡಿ ಇರಲಿಲ್ಲ, ಮಾತ್ರೆಗಳಿದ್ದವು. ಜ್ವರ ಬಿಟ್ಟವರು ಉಳಿಸಿದ್ದು, ಸತ್ತವರ ತಲೆದಿಂಬಿನ ಬಳಿ ಮಿಕ್ಕಿದ್ದು, ಹೊಲಿಯಲು ಕೊಟ್ಟ ಅಂಗಿಯ ಜೇಬಿನಲ್ಲಿ ಮರೆತು ಬಂದದ್ದು. ಗುಂಡಿಗಳನ್ನು ಹೇಗೋ ಹಾಗೆಯೇ ಬಣ್ಣ ನೋಡಿ, ಗಾತ್ರ ನೋಡಿ ವಿಂಗಡಿಸಿದ್ದಳು. ಶೀಟಿನ ಮೂಲೆ ಚೂಪಾಗಿ ಬೆರಳಿಗೆ ಚುಚ್ಚುತ್ತದೆಂದು ಒಂದೊಂದು ಮಾತ್ರೆಯನ್ನೂ ಬಿಡಿಬಿಡಿಯಾಗಿ ಕತ್ತರಿಸಿ, ಅಂಚನ್ನು ದುಂಡಗೆ ತಿದ್ದಿ ಇಡುತ್ತಿದ್ದಳು. ಕಾಜಾ ಹೊಲಿಯುವವಳ ಕತ್ತರಿ, ಒಂದೆಳೆ ಹೆಚ್ಚುಕಮ್ಮಿ ಇಲ್ಲ. ಬೆನ್ನಿನ ಹಾಳೆಯಲ್ಲಿದ್ದ ಹೆಸರು, ತಾರೀಖು, ಎಚ್ಚರಿಕೆ ಎಲ್ಲವೂ ಅವಳ ಕಾಲ ಬಳಿಯ ಚಿಂದಿ ಬುಟ್ಟಿಗೆ ಬೀಳುತ್ತಿದ್ದವು.

ಬೀದಿಯವರು ಅದಕ್ಕೂ ಒಂದು ತಮಾಷೆ ಕಟ್ಟಿದ್ದರು. ಮಾತ್ರೆ ಎಂದು ಯಾರೂ ಕೇಳುತ್ತಿರಲಿಲ್ಲ.

"ಅಕ್ಕಾ, ತಲೆ ಸಿಡೀತಿದೆ. ಒಂದು ಗುಂಡಿ ಕೊಡು."

"ಎರಡು ತೂತಿಂದು ಬೇಕೋ, ನಾಲ್ಕು ತೂತಿಂದೋ?"

"ನನ್ನ ಗಂಡನ ಮಾತು ಕೇಳಿ ಬಂದ ನೋವು. ನಾಲ್ಕು ತೂತಿಂದೇ ಕೊಡು."

"ಹಾಗಿದ್ರೆ ಅದು ನನ್ನ ಹತ್ರ ಇಲ್ಲ ತಾಯಿ. ನಿನ್ನ ಗಂಡನ ಬಾಯಿಗೇ ಹೊಲಿಗೆ ಹಾಕ್ಬೇಕು. ಕರ್ಕೊಂಡ್ ಬಾ."

ಹೀಗೆ ನಗಿಸುತ್ತಲೇ ಹಿಂದಕ್ಕೆ ಕೈ ಚಾಚಿ, ತಿರುಗಿ ನೋಡದೆಯೇ ಡ್ರಾಯರ್ ಎಳೆಯುತ್ತಿದ್ದಳು. ತಲೆನೋವಿಗೆ ಕೆಂಪು, ಹೊಟ್ಟೆನೋವಿಗೆ ಹಳದಿ, ಕೆಮ್ಮಿಗೆ ಎರಡು ಬಣ್ಣದ ಉದ್ದನೆಯದು. ನುಂಗಿದವರಲ್ಲಿ ಹೆಚ್ಚಿನವರು ನಾಳೆ ನಾಡಿದ್ದು ಎದ್ದು ಓಡಾಡುತ್ತಿದ್ದರು. ನೆಗಡಿ, ತಲೆನೋವು, ಮೈಕೈ ನೋವು ತಾವಾಗಿಯೇ ಇಳಿಯುವ ಜಾತಿಯವು. ಆದರೆ ಕೀರ್ತಿ ಹೋದದ್ದು ಗುಂಡಿಯಕ್ಕನ ಕೈಗೆ. "ಅವಳ ಕೈಗುಣ ಬಹಳ ಚೆನ್ನಾಗಿದೆ" ಎಂದು ಬೀದಿ ತೀರ್ಪು ಕೊಟ್ಟಿತು. ಕೈಗುಣ! ಎಂಥ ಸಿಹಿ ಮಾತು, ಎಂಥ ಅಪಾಯದ ಮಾತು. ಮಾತ್ರೆಯ ಗುಣ ಮಾತ್ರೆಯಲ್ಲಿರುತ್ತದೆ, ರೋಗದ ಗುಣ ರೋಗದಲ್ಲಿರುತ್ತದೆ. ಇವೆರಡನ್ನೂ ಬಿಟ್ಟು ಕೊಟ್ಟವರ ಕೈ ನೋಡುವವರು ನಾವು. ವಾಸಿಯಾದವರು ಬಂದು ಹೊಗಳುತ್ತಾರೆ. ಆಗದವರು ಆಸ್ಪತ್ರೆಗೆ ಹೋಗುತ್ತಾರೆ, ಬಂದು ಬೈಯುವುದಿಲ್ಲ. ಹಾಗಾಗಿ ಕೈಗುಣದ ಲೆಕ್ಕದಲ್ಲಿ ಸೋಲು ಎಂಬುದೇ ಇಲ್ಲ.

ಗುಂಡಿಯಕ್ಕನಿಗೆ ಇದ್ದವಳು ಒಬ್ಬಳೇ ತಂಗಿ. ತಾಯಿ ಹೋದಾಗ ಹಾಲುಗಲ್ಲದ ಕೂಸು. ಅಕ್ಕನೇ ಎತ್ತಿ ಆಡಿಸಿ, ತನ್ನ ಹಳೆಯ ಅಂಗಿಗಳನ್ನು ಕತ್ತರಿಸಿ ಅವಳಿಗೆ ಹೊಲಿದು, ಹಾಲಿನ ವ್ಯಾನು ಓಡಿಸುವ ಒಬ್ಬ ಸಂಭಾವಿತನಿಗೆ ಕೊಟ್ಟು ಮದುವೆ ಮಾಡಿದ್ದಳು. ಈಗಲೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು. ಪುಟ್ಟಿ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ಹೋಟೆಲುಗಳಿಂದ ಬರುವ ಹಾಸಿಗೆ ಹೊದಿಕೆಗಳನ್ನು ಹಬೆಯೇಳುವ ಮೇಜಿನ ಮೇಲೆ ಹರಡಿ, ದಿನವಿಡೀ ನಿಂತು ಉಜ್ಜಬೇಕು.

ಅವಳ ಬೆರಳ ಗೆಣ್ಣುಗಳು ಊದಲು ಶುರುವಾದವು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಮಧ್ಯಾಹ್ನದವರೆಗೂ. ಮುಷ್ಟಿ ಕಟ್ಟಲು ಆಗದು, ಇಸ್ತ್ರಿಯ ಹಿಡಿ ಹಿಡಿಯಲು ಆಗದು. ಮೇಲ್ವಿಚಾರಕಿ ಒಂದು ದಿನ ಎಲ್ಲರೆದುರೇ, "ಕೈ ಬಾರದೋರಿಗೆ ಕೆಲಸ ಯಾಕಮ್ಮ? ಮನೇಲಿ ಕೂತು ಬೆರಳು ಎಣಿಸ್ಕೋ" ಎಂದಳು. ಆಸ್ಪತ್ರೆಗೆ ಹೋಗಬೇಕೆಂದರೆ ಒಂದಿಡೀ ದಿನದ ರಜೆ. ರಜೆ ಕೇಳಿದರೆ ಕೈ ಬಾರದು ಎಂದು ತಾನೇ ಒಪ್ಪಿಕೊಂಡ ಹಾಗೆ. ಪುಟ್ಟಿ ಹೋಗಲಿಲ್ಲ, ಅಕ್ಕನ ಅಂಗಡಿಗೆ ಬಂದು ಕೂತಳು. ಕೆಂಪು ಕೊಟ್ಟರೂ ಹಳದಿ ಕೊಟ್ಟರೂ ಬೆರಳು ಬಗ್ಗಲಿಲ್ಲ. ಊರಿಗೆಲ್ಲ ನಡೆಯುವ ಕೈಗುಣ ತಂಗಿಗೆ ನಡೆಯಲಿಲ್ಲವಲ್ಲ ಎಂಬುದು ಅಕ್ಕನ ಎದೆಯಲ್ಲಿ ಮುರಿದ ಸೂಜಿಯಂತೆ ಕೂತಿತು.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೋಟಿನ ಅಸ್ತರಿ ಬದಲಿಸಲು ಬಂದರು. ಒಳಜೇಬಿನಲ್ಲಿ ಸಣ್ಣ ಬಿಳಿ ಮಾತ್ರೆಗಳ ಅರ್ಧ ಶೀಟು.

"ಮೇಷ್ಟ್ರೇ, ಇದೇನಿದು?"

"ಅದಾ? ಉಬ್ಬಸಕ್ಕೆ ಅಂತ ಡಾಕ್ಟ್ರು ಕೊಟ್ಟಿದ್ದು. ಬ್ರಹ್ಮಾಸ್ತ್ರ ಕಣಮ್ಮ. ಉಬ್ಬಸ ಬಿಡು, ನನ್ನ ಮಂಡಿನೋವೂ ಓಡಿಹೋಯ್ತು. ಇಷ್ಟಿಷ್ಟೇ ಕಮ್ಮಿ ಮಾಡ್ತಾ ನಿಲ್ಲಿಸಿ ಅಂದಿದ್ರು. ನಾನು ಆರಾಮಾದ ತಕ್ಷಣ ಬಿಟ್ಟೆ. ಬೇಕಾದ್ರೆ ಇಟ್ಕೋ."

ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವರು ಒಂದು ಶೀಟಿನ ಬೆನ್ನು ಓದಲಿಲ್ಲ. ಡಾಕ್ಟರು ಹೇಳಿದ್ದು ಅವರಿಗೆ ನೆನಪಿತ್ತು, ಯಾಕೆ ಹೇಳಿದರು ಎಂದು ಕೇಳಿರಲಿಲ್ಲ. ಅವರ ಅದೃಷ್ಟ ಚೆನ್ನಾಗಿತ್ತು, ತಿಂದದ್ದು ಕೆಲವೇ ದಿನ.

ಪುಟ್ಟಿ ಆ ಬಿಳಿ ಗುಂಡಿ ನುಂಗಿದಳು. ಮಾರನೆಯ ದಿನ ಲಾಂಡ್ರಿಗೆ ಹೋಗುವ ದಾರಿಯಲ್ಲಿ ಅಕ್ಕನ ಬಾಗಿಲಿಗೆ ಓಡಿಬಂದು ನಿಂತು, ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಿದಳು. ಬಿಚ್ಚಿದಳು. ಮತ್ತೆ ಕಟ್ಟಿದಳು. ಅಕ್ಕ ಯಂತ್ರ ನಿಲ್ಲಿಸಿ, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಅವಳ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಗೆಲುವು ಬಂದಿರಲಿಲ್ಲ. ಆ ಅಳುವನ್ನು ನೋಡಿದ್ದರೆ ನೀವೂ ಕೈಗುಣ ಎನ್ನುತ್ತಿದ್ದಿರಿ.

ಮೇಷ್ಟ್ರ ಅರ್ಧ ಶೀಟು ಮುಗಿಯುತ್ತ ಬಂತು. ಕತ್ತರಿ ಅಷ್ಟರಲ್ಲಿ ತನ್ನ ಕೆಲಸ ಮಾಡಿತ್ತು, ಹೆಸರು ಎಲ್ಲೂ ಉಳಿದಿರಲಿಲ್ಲ. ಗುಂಡಿಯಕ್ಕ ತನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದಳು. ಬಟ್ಟೆಯ ಚೂರು ಹಿಡಿದು ದಾರದ ಅಂಗಡಿಗೆ ಹೋಗುವಂತೆ, ಕೊನೆಯ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಮೆಡಿಕಲ್ ಶಾಪಿಗೆ ಹೋದಳು.

"ಇದಕ್ಕೆ ಮ್ಯಾಚಿಂಗ್ ಕೊಡಪ್ಪ."

ಬಿಳಿ ಕೋಟಿನ ಅಂಗಡಿಯವನು ನಕ್ಕ. "ಮ್ಯಾಚಿಂಗಾ? ಇದೇನು ಲೇಸು ರಿಬ್ಬನ್ ಅಂಗಡಿನಾ ಅಕ್ಕ? ಯಾತಕ್ಕೆ ತಗೋತಿದ್ದೀರಿ?"

"ಕೀಲು ನೋವಿಗೆ."

ಮಾತ್ರೆಯ ಮೇಲಿನ ಗೀಟು ನೋಡಿದ, ಉಗುರಲ್ಲಿ ತಿರುಗಿಸಿದ. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾಯಿತು ಎಂಬುದನ್ನು ಮರೆಯಬೇಡಿ. ಇಡೀ ಬೀದಿಯಲ್ಲಿ ಆ ಮಾತ್ರೆಯ ಹೆಸರು ಗೊತ್ತಿದ್ದ, ಅದನ್ನು ಚೀಟಿಯಿಲ್ಲದೆ ಕೊಡಬಾರದೆಂದು ಓದಿ ಪಾಸಾಗಿದ್ದ ಮನುಷ್ಯ ಅವನೊಬ್ಬನೇ. "ಒಳ್ಳೇ ಸೆಲೆಕ್ಷನ್ ಅಕ್ಕ" ಎಂದು ಮತ್ತೆ ನಕ್ಕು, ಶೀಟುಗಳನ್ನು ಕಾಗದದ ಪೊಟ್ಟಣಕ್ಕೆ ಹಾಕಿ ಕೊಟ್ಟ. ಅಲ್ಲಿಂದ ಮುಂದೆ ಗುಂಡಿಯಕ್ಕ ಬಾಗಿಲಲ್ಲಿ ಕಂಡರೆ ಸಾಕು, "ಮ್ಯಾಚಿಂಗಾ?" ಎಂದು ತಾನೇ ಕಪಾಟಿಗೆ ಕೈ ಚಾಚುತ್ತಿದ್ದ.

ಆ ವರ್ಷ ಪುಟ್ಟಿ ಮೈ ತುಂಬಿಕೊಂಡಳು. ಬೀದಿಯ ಬಾಯಲ್ಲೆಲ್ಲ ಅದೇ ಮಾತು.

"ಏನ್ ಪುಟ್ಟಿ, ಮುಖ ಹುಣ್ಣಿಮೆ ಚಂದ್ರ ಆಗಿದೆಯಲ್ಲ. ವ್ಯಾನಿನ ಹಾಲೆಲ್ಲ ನೀನೇ ಕುಡೀತಿಯೋ ಹೇಗೆ?"

"ನಮ್ಮಕ್ಕನ ಗುಂಡಿ ಕಣ್ರೀ" ಎನ್ನುತ್ತಿದ್ದಳು ಪುಟ್ಟಿ. ಹೇಳುವಾಗ ಹೆಮ್ಮೆ.

ಚಂದ್ರನಂಥ ಮುಖ ಎಂದು ನಾವು ಹೊಗಳುತ್ತೇವೆ. ಡಾಕ್ಟರುಗಳೂ ಅದೇ ಮಾತು ಹೇಳುತ್ತಾರೆ, ಕಾಯಿಲೆಯ ಲಕ್ಷಣ ಬರೆಯುವಾಗ.

ಅಳತೆ ಟೇಪು ಮಾತ್ರ ನಿಜ ಹೇಳುತ್ತಿತ್ತು. ಪುಟ್ಟಿಯ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಯಿತು. ಅಕ್ಕ ಒಳಗೆ ಮಡಿಚಿಟ್ಟಿದ್ದ ಬಟ್ಟೆ ಬಿಚ್ಚಿ ಅಗಲ ಮಾಡಿದಳು. ತೋಳು ಸಡಿಲವಾಯಿತು, ತೋಳನ್ನು ಹಿಡಿದು ಚಿಕ್ಕದು ಮಾಡಿದಳು. ಮತ್ತೆ ನಡು ಬಿಗಿ, ಮತ್ತೆ ತೋಳು ಸಡಿಲ. ಮೈ ತುಂಬಿಕೊಂಡವರ ತೋಳು ಯಾಕೆ ಬಡವಾಗುತ್ತದೆ? ಸಾವಿರಾರು ಮೈಗಳ ಅಳತೆ ತೆಗೆದಿದ್ದ ಹೆಂಗಸು ತನ್ನನ್ನು ತಾನು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಪ್ರೀತಿಯ ಕಣ್ಣಿಗೆ ಕಂಡದ್ದು ದುಂಡಗಿನ ಕೆನ್ನೆ ಮಾತ್ರ.

ಒಂದು ಸಲ ಹೊಸ ಅಂಗಿಗೆ ಅಳತೆ ತೆಗೆಯುವಾಗ ಟೇಪು ತುಸು ಬಿಗಿ ಹಿಡಿದಳು. ತೋಳಿನ ಮೇಲೆ ಟೇಪಿನಗಲಕ್ಕೆ ನೀಲಿಯ ಗುರುತು ಎದ್ದಿತು, ಯಾರೋ ಹೊಡೆದ ಹಾಗೆ. ಹೊಟ್ಟೆಯ ಪಕ್ಕದಲ್ಲಿ ಕೆನ್ನೀಲಿ ಬಿರುಕುಗಳು.

"ಪುಟ್ಟಿ, ಇದು ಯಾವಾಗಿಂದ?"

"ಬಿಡಕ್ಕ, ಎಲ್ಲೋ ತಾಗಿರುತ್ತೆ."

"ಎಲ್ಲ ಕಡೆನೂ ತಾಗುತ್ತೇನೇ? ಯಾಕೋ ಆ ಗುಂಡಿ ಜಾಸ್ತಿ ಆಯ್ತು ಅನ್ಸುತ್ತೆ. ಇವತ್ತಿಂದ ಪೂರ್ತಿ ಬಿಟ್ಬಿಡು. ಮೈಗೆ ಸ್ವಲ್ಪ ಪುರುಸೊತ್ತು ಕೊಡೋಣ."

"ಕೈ ಮತ್ತೆ ಹಿಡ್ಕೊಂಡ್ರೆ?"

"ಹಿಡ್ಕೊಂಡ್ರೆ ನಾನಿಲ್ವಾ?"

ಶುರು ಮಾಡಿದವಳೂ ಅವಳೇ, ನಿಲ್ಲಿಸಿದವಳೂ ಅವಳೇ. ಎರಡೂ ಪ್ರೀತಿಯಿಂದ, ಎರಡೂ ಯಾರನ್ನೂ ಕೇಳದೆ. ಉಳಿದಿದ್ದ ಬಿಳಿ ಗುಂಡಿಗಳನ್ನು ಡ್ರಾಯರಿನ ಹಿಂದಕ್ಕೆ ತಳ್ಳಿ, ಒಳ್ಳೆಯ ಕೆಲಸ ಮಾಡಿದೆನೆಂದು ನಿಟ್ಟುಸಿರು ಬಿಟ್ಟಳು.

ಕೆಲವೇ ದಿನಗಳಲ್ಲಿ ಪುಟ್ಟಿಗೆ ಊಟ ಸೇರದಾಯಿತು. ಎದ್ದರೆ ಕಣ್ಣು ಕತ್ತಲೆ, ಕೂತರೆ ವಾಂತಿ. ಲಾಂಡ್ರಿಯಲ್ಲಿ ಎಲ್ಲರಿಗೂ ಬಂದು ಹೋಗುತ್ತಿದ್ದ ಜ್ವರ ಅವಳಿಗೂ ಬಂತು, ಹೋಗಲಿಲ್ಲ. "ಹಳೇ ಮದ್ದು ಮೈಯಿಂದ ಹೊರಗೆ ಹೋಗ್ತಿದೆ, ಒಳ್ಳೇದೇ" ಎಂದಳು ಪಕ್ಕದ ಮನೆಯವಳು. ಗುಂಡಿಯಕ್ಕ ಹೌದೆಂದು ನಂಬಿ, ಜ್ವರಕ್ಕೆ ಕೆಂಪು, ವಾಂತಿಗೆ ಹಳದಿ ಕೊಟ್ಟಳು. ಒಂದು ಬೆಳಿಗ್ಗೆ ಹಾಲಿನ ವ್ಯಾನಿನಲ್ಲೇ, ಖಾಲಿ ಕ್ರೇಟುಗಳ ನಡುವೆ ಮಲಗಿಸಿಕೊಂಡು ಪುಟ್ಟಿಯನ್ನು ಆಸ್ಪತ್ರೆಗೆ ತರುವ ಹೊತ್ತಿಗೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ರಕ್ತದೊತ್ತಡ ನೋಡಿದಳು, ನಂಬದೆ ಇನ್ನೊಮ್ಮೆ ನೋಡಿದಳು.

"ಇವರು ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ?"

"ಏನೂ ಇಲ್ಲ ಡಾಕ್ಟ್ರೇ" ಎಂದ ಗಂಡ. "ಮಾತ್ರೆ ಗೀತ್ರೆ ಏನೂ ಇಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಿದೋಳೇ ಅಲ್ಲ."

ಅವನು ಸುಳ್ಳು ಹೇಳಲಿಲ್ಲ. ಮಾತ್ರೆ ಎಂದರೆ ಡಾಕ್ಟರು ಕೊಡುವುದು. ಅವನ ಹೆಂಡತಿ ತಿಂದದ್ದು ಅಕ್ಕನ ಗುಂಡಿ. ಬೀದಿಯ ಒಂದು ನಗೆಮಾತು, ಅಷ್ಟು ವರ್ಷ ಉಜ್ಜಿ ಉಜ್ಜಿ, ಅವನ ತಲೆಯಲ್ಲಿ ನಿಜವೇ ಆಗಿ ಕೂತಿತ್ತು.

ಮಂಚದ ಕಾಲ ಬಳಿ ನಿಂತ ಗುಂಡಿಯಕ್ಕನಿಗೆ ಗೊತ್ತಿತ್ತು. ಬಾಯಿಯವರೆಗೆ ಬಂತು. ಹೇಳಿದರೆ ಏನಾಗುತ್ತದೆ? ಇಷ್ಟು ಜನರ ಎದುರು, ತಂಗಿಯ ಗಂಡನ ಎದುರು, ನಿನ್ನ ಕೈಯೇ ಹೀಗೆ ಮಾಡಿತು ಎಂದಾಗುತ್ತದೆ. ಬೀದಿಗೆ ಬೀದಿಯೇ ಹೊಗಳಿದ ಕೈ. ಅವಳು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಸುಮ್ಮನೆ ನಿಂತಳು. ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದಳು, ಬಾಟಲಿ ಹಾಕಿಸಿದಳು, ಇನ್ನೊಬ್ಬ ರೋಗಿಯ ಕಡೆಗೆ ಹೋದಳು. ಗುಂಡಿಯಕ್ಕ ಸುಮ್ಮನೆಯೇ ಇದ್ದಳು. ಡಾಕ್ಟರಮ್ಮ ತಿರುಗಿ ಬಂದಳು, ಪುಟ್ಟಿಯ ಮುಖವನ್ನು ದಿಟ್ಟಿಸಿದಳು.

"ಇವರ ಮುಖ ಮೊದಲಿಂದಲೂ ಹೀಗೇನಾ?"

"ಇತ್ತೀಚೆಗೆ ಮೈ ತುಂಬಿಕೊಂಡಿದ್ದಾಳೆ, ಅಷ್ಟೇ" ಎಂದ ಗಂಡ.

ಡಾಕ್ಟರಮ್ಮ ಪುಟ್ಟಿಯ ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿದಳು. ಬಡಕಲು ತೋಳು, ಮೇಲೆಲ್ಲ ನೀಲಿ. "ನೋವಿಗೆ ಅಂತ ಸಣ್ಣ ಬಿಳಿ ಮಾತ್ರೆ ಏನಾದ್ರೂ? ಸರಿಯಾಗಿ ಯೋಚನೆ ಮಾಡಿ ಹೇಳಿ. ಇವರ ಜೀವ ಅದರ ಮೇಲೆ ನಿಂತಿದೆ."

"ಗುಂಡಿ ತಿಂತಿದ್ಲು" ಎಂದಳು ಗುಂಡಿಯಕ್ಕ.

"ಏನು ತಿಂತಿದ್ರು?"

"ಗುಂಡಿ. ಬಿಳಿದು. ನಾನೇ ಕೊಡ್ತಿದ್ದೆ. ಒಂದು ವರ್ಷದ ಮೇಲಾಯ್ತು. ಈಚೆಗೆ ನಿಲ್ಲಿಸ್ಬಿಟ್ಟೆ."

"ತಗೊಂಡ್ ಬನ್ನಿ. ಓಡಿ."

ಓಡಿದಳು. ಬೀರುವಿನಿಂದ ಆ ಡ್ರಾಯರನ್ನೇ ಕಿತ್ತು, ಎದೆಗೆ ಅವಚಿಕೊಂಡು, ರಸ್ತೆಯುದ್ದಕ್ಕೂ ಗಲಗಲ ಸದ್ದು ಮಾಡಿಕೊಂಡು ಬಂದಳು. ಡಾಕ್ಟರಮ್ಮನ ಮೇಜಿನ ಮೇಲೆ ಸುರಿದಳು. ಒಂದೊಂದೂ ದುಂಡಗೆ, ನೀಟಾಗಿ, ಒಂದೇ ಅಳತೆ. ಡಾಕ್ಟರಮ್ಮ ಒಂದನ್ನು ತಿರುಗಿಸಿ ನೋಡಿದಳು, ಇನ್ನೊಂದನ್ನು ನೋಡಿದಳು.

"ಹೆಸರೆಲ್ಲಿ?"

"ಕತ್ತರಿಸಿದೆ."

"ಯಾಕೆ?"

"ಮೂಲೆ ಚುಚ್ಚುತ್ತಲ್ಲ, ಅದಕ್ಕೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸ್ಟಿರಾಯ್ಡ್ ಇರ್ಬೇಕು ಅಂತ ಅಂದಾಜಿನ ಮೇಲೆ ಅದರದೇ ಇಂಜೆಕ್ಷನ್ ಕೊಟ್ಟಿದ್ದೀನಿ" ಎಂದಳು. "ಬದುಕೋಕೆ ಬೇಕಾದ ಒಂದು ರಸ ನಮ್ಮ ಮೈಯೊಳಗೇ ತಯಾರಾಗುತ್ತೆ. ಈ ಮಾತ್ರೆ ದಿನಾ ಹೊರಗಿಂದ ಬರ್ತಾ ಇದ್ರೆ ಮೈ ಆ ಕೆಲಸಾನೇ ಮರೆತುಬಿಡುತ್ತೆ. ಮಾತ್ರೆ ಒಮ್ಮೆಗೇ ನಿಲ್ಲಿಸಿದ್ರೆ ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ. ಅದರ ಮೇಲೆ ಜ್ವರ. ಮೊದಲು ಕೇಳಿದಾಗಲೇ ಹೇಳಿದ್ದಿದ್ರೆ..." ಎಂದು ನಿಲ್ಲಿಸಿ ಒಳಗೆ ಹೋದಳು.

ಹೇಳಿದ್ದಿದ್ದರೆ ಪುಟ್ಟಿ ಉಳಿಯುತ್ತಿದ್ದಳೋ ಇಲ್ಲವೋ ಯಾರೂ ಹೇಳಲಾರರು. ಗುಂಡಿಯಕ್ಕ ಉಳಿದ ಬಾಳನ್ನೆಲ್ಲ ಆ ಅರ್ಧ ವಾಕ್ಯದೊಳಗೇ ಕಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಹೋದಳು. ಅವಳ ಬಲಗೈ ಹಾಸಿಗೆಯ ಅಂಚಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕ ಅದನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಚಿ ಮುಷ್ಟಿ ಕಟ್ಟಿಸಿದಳು. ಬಿಟ್ಟೊಡನೆ ಅದು ತೆರೆದುಕೊಂಡಿತು. ಮತ್ತೆ ಮಡಿಚಿದಳು. ನರ್ಸಮ್ಮ ಬಂದು ಬಿಡಿಸುವವರೆಗೂ ಹಾಗೆಯೇ ಮಾಡುತ್ತಿದ್ದಳು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೀದಿ ಈಗ ಮಾತಾಡುತ್ತದೆ. ಮಾತಾಡುವ ಆ ಬಾಯಿಗಳೇ ಅವಳ ಡ್ರಾಯರಿನಿಂದ ವರ್ಷಗಟ್ಟಲೆ ನುಂಗಿದ್ದು. ಮೇಷ್ಟ್ರು ಎರಡು ದಿನ ಬಾಗಿಲು ತೆಗೆಯಲಿಲ್ಲ, ಆಮೇಲೆ ಅಸ್ತರಿ ಹಾಕಿದ ಕೋಟು ತೊಟ್ಟು ವಾಯುವಿಹಾರಕ್ಕೆ ಹೊರಟರು. ಮೆಡಿಕಲ್ ಶಾಪಿನವನ ಮಾತು ಇನ್ನೂ ಸೊಗಸು: "ನಾನೇನು ಅವಳ ಬಾಯಿಗೆ ಹಾಕಿದ್ನಾ? ಕೇಳಿದ್ರು, ಕೊಟ್ಟೆ. ನಾನು ಕೊಡದಿದ್ರೆ ಮುಂದಿನ ಅಂಗಡಿಯವನು ಕೊಡ್ತಿದ್ದ." ಅಂಗಡಿ ತೆರೆದೇ ಇದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಗುವಿಗೂ ಕಲಿಸುವ ನಾವು ಅವನ ಬಿಳಿ ಕೋಟನ್ನು ಇವತ್ತಿಗೂ ನಂಬುತ್ತಿದ್ದೇವೆ.

ಮಣ್ಣು ಮಾಡಿ ಬಂದ ಮಾರನೆಯ ದಿನ ಬೀದಿಯ ಹೆಂಗಸರು ಬಂದು ಕೂತಿದ್ದರು. ಅವರಲ್ಲೊಬ್ಬಳು ಅತ್ತೂ ಅತ್ತೂ ಹಣೆ ಹಿಡಿದುಕೊಂಡು, ಅಭ್ಯಾಸಬಲದಿಂದಲೇ ಇರಬೇಕು, ಮೆಲ್ಲಗೆ ಕೇಳಿದಳು. "ಅಕ್ಕಾ, ತಲೆ ಸಿಡೀತಿದೆ. ಒಂದು ಗುಂಡಿ ಇದ್ರೆ..."

ಗುಂಡಿಯಕ್ಕ ತಲೆಯೆತ್ತಿ ಅವಳನ್ನು ನೋಡಿದಳು. ದನಿ ಏರಿಸಲಿಲ್ಲ.

"ನಿನ್ನೆ ತಾನೇ ಒಂದು ಗುಂಡಿ ತೋಡಿಸಿದ್ನಲ್ಲಮ್ಮ. ಇನ್ನೆಷ್ಟು ಬೇಕು?"

ಕೆಳಗಿನ ಸಾಲಿನ ಡ್ರಾಯರುಗಳನ್ನು ಅವಳು ಒಂದೊಂದಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು. ಬೀರುವಿನ ಕೆಳಭಾಗದಲ್ಲಿ ಈಗ ಸಾಲಾಗಿ ಖಾಲಿ ಬಾಯಿಗಳಿವೆ. ಅಲ್ಲಿ ಗುಂಡಿಗಳನ್ನೂ ತುಂಬಿಲ್ಲ. ಬಂದವರಿಗೆ ಕಾಣಲಿ ಅಂತ ಹಾಗೇ ಬಿಟ್ಟಿದ್ದಾಳೆ. ಜನ ಬರುತ್ತಾರೆ, ನೋಡುತ್ತಾರೆ, ಅಂಗಿ ಕೊಟ್ಟು ಹೋಗುತ್ತಾರೆ. ತಲೆನೋವಿಗೆ ಈಗ ಹಿಂದಿನ ಬೀದಿಯಲ್ಲಿ ಇನ್ನೊಬ್ಬಳ ಕೈಗುಣ ಚೆನ್ನಾಗಿದೆಯಂತೆ.

ಅಯ್ಯೋ ಪಾಪ ಎನ್ನಬೇಡಿ. ಅದು ಗುಂಡಿಯಕ್ಕನಿಗೂ ಬೇಡ, ಪುಟ್ಟಿಗೂ ಬೇಡ. ಇದನ್ನು ಕೆಳಗಿಟ್ಟು ಎದ್ದು ಹೋಗಿ. ನಿಮ್ಮ ಮನೆಯಲ್ಲೂ ಆ ಡಬ್ಬವಿದೆ, ಕಪಾಟಿನ ಮೇಲೋ ಟೀವಿಯ ಹಿಂದೋ. ತೆಗೆಯಿರಿ. ಹೆಸರು ಹರಿದುಹೋದದ್ದು, ತಾರೀಖು ಮುಗಿದದ್ದು, ಯಾರಿಗೋ ಕೊಟ್ಟು ಉಳಿದದ್ದು, ಎಲ್ಲವನ್ನೂ ಹೊರಗೆ ಹಾಕಿ. ಮನೆಯಲ್ಲಿ ಯಾರಾದರೂ ಹೆಸರು ಗೊತ್ತಿಲ್ಲದ ಮಾತ್ರೆಯನ್ನು ದಿನಾ ನುಂಗುತ್ತಿದ್ದರೆ, ನೀವೇ ಪಂಡಿತರಾಗಿ ಅದನ್ನು ಒಮ್ಮೆಗೇ ನಿಲ್ಲಿಸಬೇಡಿ. ಆ ಮಾತ್ರೆಯನ್ನೂ ಆ ಮನುಷ್ಯರನ್ನೂ ಕರೆದುಕೊಂಡು ಡಾಕ್ಟರ ಮುಂದೆ ಹೋಗಿ ಕೂರಿ. ಏನು ತಗೊಳ್ತಿದ್ದೀರಿ ಎಂದು ಅವರು ಕೇಳಿದಾಗ ಏನೂ ಇಲ್ಲ ಎನ್ನುವ ನಾಲಿಗೆಯನ್ನು ಕಚ್ಚಿ ಹಿಡಿದು, ಗುಂಡಿಯೋ ಗುಳಿಗೆಯೋ, ಯಾರ ಕೈಯಿಂದ ಬಂತೋ, ಎಲ್ಲವನ್ನೂ ಹೇಳಿ. ಮೊದಲ ಸಲ ಕೇಳಿದಾಗಲೇ ಹೇಳಿ.